ಪೀಪ್ಸ್ ದಿನಚರಿ, 16 ನವೆಂಬರ್ 1665: ಹಡಗಿನೊಳಗೆ ಚೆಲ್ಲಿದ್ದ ಮೆಣಸು ನಮ್ಮ ಕರಾವಳಿಯದೇ?

ಟಿಪ್ಪಣಿಪುಸ್ತಕ (ಪ್ರಶ್ನೆ)

17ನೇ ಶತಮಾನದ ಲಂಡನ್ನಿನ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿಯ ಒಂದೇ ಒಂದು ನಮೂದನ್ನು ಇಟ್ಟುಕೊಂಡು ಪದವಿ ವಿದ್ಯಾರ್ಥಿಗಳಿಗೆ ನಾಲ್ಕು ಪುಟದ ಟಿಪ್ಪಣಿ ಸಿದ್ಧವಾಗಬೇಕಿದೆ. ಲಂಡನ್ನಿನ ಬೆಂಕಿ, ಪ್ಲೇಗ್ ಎರಡೂ ಬೇಡ, ಅವುಗಳ ಬಗ್ಗೆ ಬರೆದದ್ದು ಸಾಕಷ್ಟಿದೆ. ಆರಿಸಿಕೊಂಡಿದ್ದು 1665ರ ನವೆಂಬರ್ 16. ಇಂಗ್ಲಿಷರು ಯುದ್ಧದಲ್ಲಿ ಹಿಡಿದು ತಂದು ಥೇಮ್ಸ್ ನದಿಯಲ್ಲಿ ಎರಿತ್ ಹತ್ತಿರ ನಿಲ್ಲಿಸಿದ್ದ ಡಚ್ ಹಡಗಿನೊಳಕ್ಕೆ ಪೀಪ್ಸ್ ಇಳಿದು ನೋಡಿದ ದಿನ. ನನ್ನ ಕರಡು ಅನುವಾದ ಹೀಗಿದೆ:

“ನನ್ನನ್ನು ಇಂಡಿಯಾದ ಹಡಗಿನ ತಳಕ್ಕೆ ಕರೆದೊಯ್ದು, ಮನುಷ್ಯ ಲೋಕದಲ್ಲಿ ಕಾಣಬಹುದಾದ ಅತಿ ದೊಡ್ಡ ಸಂಪತ್ತಿನ ರಾಶಿಯನ್ನು ತೋರಿಸಿದರು. ಸಂದುಸಂದಿನಲ್ಲೂ ಮೆಣಸು, ತುಳಿದುಕೊಂಡೇ ನಡೆಯಬೇಕು. ಲವಂಗ, ಜಾಯಿಕಾಯಿಗಳಲ್ಲಿ ಮೊಣಕಾಲಿನ ಮೇಲಿನವರೆಗೆ ಹೂತು ನಡೆದೆ; ಕೋಣೆಗೆ ಕೋಣೆಯೇ ತುಂಬಿತ್ತು. ರೇಷ್ಮೆಯ ಗಂಟುಗಳು, ತಾಮ್ರಪಟದ ಪೆಟ್ಟಿಗೆಗಳು. ಅದರಲ್ಲೊಂದನ್ನು ತೆರೆದದ್ದು ನೋಡಿದೆ.”

ಕೇಳಬೇಕಾದದ್ದು ಇಷ್ಟು. ‘ಇಂಡಿಯಾದ ಹಡಗು’ ಅಂತ ಇರುವುದರಿಂದ ಈ ಮೆಣಸನ್ನು ಕೆನರಾ ಅಥವಾ ಮಲಬಾರಿನದು ಅಂತ ಬರೆಯಬಹುದೇ? ಮೊಣಕಾಲು ಮಟ್ಟದ ಲವಂಗ ಅನ್ನುವುದು ಬರಹಗಾರನ ಉತ್ಪ್ರೇಕ್ಷೆಯೇ? ತಾರೀಖನ್ನು ಇಂದಿನ ಲೆಕ್ಕಕ್ಕೆ ತಿರುಗಿಸಬೇಕೇ? ಇದಲ್ಲದೆ ಅನುವಾದದಲ್ಲಿ ಎಡವಿದ್ದರೆ ತಿಳಿಸಿ.

ಹಳೇಕಡತ

ಮೊದಲು ಅನುವಾದ. ನಾಲ್ಕು ಕಡೆ ಎಡವಿದ್ದೀರಿ, ಅದರಲ್ಲಿ ಒಂದು ಇಡೀ ಟಿಪ್ಪಣಿಯನ್ನೇ ದಾರಿ ತಪ್ಪಿಸುವಂಥದ್ದು.

‘ಇಂಡಿಯಾದ ಹಡಗು’ ತಪ್ಪು. ಆ ಕಾಲದ ಇಂಗ್ಲಿಷಿನಲ್ಲಿ ‘ಇಂಡಿಯಾ ಹಡಗು’ ಅಂದರೆ ಪೂರ್ವದ ವ್ಯಾಪಾರಕ್ಕೆ ಹೋಗಿಬರುವ ದೊಡ್ಡ ಹಡಗು. ಅದು ಹೊರಟದ್ದು ಜಾವಾದಿಂದಾದರೂ ಹೆಸರು ಅದೇ. ಈ ಹಡಗುಗಳು ಡಚ್ ಈಸ್ಟ್ ಇಂಡಿಯಾ ಕಂಪನಿಯವು, ಬಟೇವಿಯಾದಿಂದ, ಅಂದರೆ ಇಂದಿನ ಜಕಾರ್ತದಿಂದ, ಊರಿಗೆ ಮರಳುತ್ತಿದ್ದವು. ಆ ತಂಡ ನಾರ್ವೆಯ ಬರ್ಗೆನ್ ಬಂದರಿನಲ್ಲಿ ಆಶ್ರಯ ಪಡೆದಿತ್ತು. ಅಲ್ಲಿ ಅದನ್ನು ಹಿಡಿಯಲು ಹೋದ ಇಂಗ್ಲಿಷ್ ನೌಕಾಪಡೆ ಆಗಸ್ಟಿನಲ್ಲಿ ಪೆಟ್ಟು ತಿಂದು ವಾಪಸಾಯಿತು. ಆಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ನಡುಗಡಲಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಲಾರ್ಡ್ ಸ್ಯಾಂಡ್‌ವಿಚ್ ಕೈಗೆ ಎರಡು ದೊಡ್ಡ ಹಡಗು ಸಿಕ್ಕವು, ಫೀನಿಕ್ಸ್ ಮತ್ತು ಸ್ಲಾಟ್ ಹೋನಿಂಗೆನ್. ಈ ಸ್ಯಾಂಡ್‌ವಿಚ್ ಪೀಪ್ಸ್‌ನ ನೆಂಟ, ಅವನನ್ನು ನೌಕಾ ಕಚೇರಿಗೆ ಸೇರಿಸಿದ ಆಶ್ರಯದಾತನೂ ಹೌದು. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕದೆ ಬಿಡಬೇಡಿ.

‘ತಾಮ್ರಪಟ’ ಅಂದ ಕೂಡಲೆ ಕನ್ನಡ ಓದುಗನ ಕಣ್ಣಿಗೆ ಬರುವುದು ಶಾಸನ. ಇಲ್ಲಿರುವುದು ಸರಕಿನ ತಾಮ್ರ. ‘ತಾಮ್ರದ ತಗಡು’ ಅಂದರೆ ಸಾಕು.

‘ರಾಶಿ’ ಬೇಡ. ಮೂಲದಲ್ಲಿ ಸಂಪತ್ತು ಅಸ್ತವ್ಯಸ್ತವಾಗಿ ಬಿದ್ದಿತ್ತು ಅಂತಿದೆ. ರಾಶಿ ಅಂದರೆ ಯಾರೋ ಒಕ್ಕಿ ಒಪ್ಪವಾಗಿ ಹಾಕಿದ್ದು. ಅಲ್ಲಿ ನಡೆದಿದ್ದು ಲೂಟಿ, ಹಾಗಾಗಿ ಆ ಅಸ್ತವ್ಯಸ್ತತೆಯೇ ಸಾಕ್ಷಿ.

‘ಮೆಣಸು’ ಕೂಡ ನೋಡಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ವಿದ್ಯಾರ್ಥಿಗೆ ಮೆಣಸು ಅಂದರೆ ಮೆಣಸಿನಕಾಯಿ. ‘ಕಾಳುಮೆಣಸು’ ಅಂತಲೇ ಬರೆಯಿರಿ.

ತಾರೀಖು: ಇಂಗ್ಲೆಂಡ್ ಆಗ ಜೂಲಿಯನ್ ಪಂಚಾಂಗದಲ್ಲಿತ್ತು, ಡಚ್ಚರ ಹಾಲೆಂಡ್ ಪ್ರಾಂತ ಗ್ರೆಗೋರಿಯನ್‌ಗೆ ಬಂದಾಗಿತ್ತು. 17ನೇ ಶತಮಾನದಲ್ಲಿ ವ್ಯತ್ಯಾಸ 10 ದಿನ. ಪೀಪ್ಸ್‌ನ ನವೆಂಬರ್ 16, ಗುರುವಾರ, ಆಮ್‌ಸ್ಟರ್‌ಡ್ಯಾಮಿನಲ್ಲಿ ನವೆಂಬರ್ 26, ಗುರುವಾರ. ವಾರ ಬದಲಾಗುವುದಿಲ್ಲ, ದಿನಾಂಕ ಮಾತ್ರ. ನಿಮ್ಮ ಟಿಪ್ಪಣಿಯಲ್ಲಿ ದಿನಚರಿಯ ತಾರೀಖನ್ನೇ ಉಳಿಸಿಕೊಳ್ಳಿ; ಡಚ್ ದಾಖಲೆಯ ಜೊತೆ ಹೋಲಿಸುವಾಗ ಮಾತ್ರ ಹತ್ತು ಕೂಡಿಸಿ. ವರ್ಷದ ತೊಡಕು ಬೇರೆ ಇದೆ. ಇಂಗ್ಲೆಂಡಿನಲ್ಲಿ ಕಾಗದಪತ್ರದ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರ ನಡುವಿನ ಪತ್ರಗಳಲ್ಲಿ ನಮ್ಮ ಲೆಕ್ಕಕ್ಕಿಂತ ಒಂದು ವರ್ಷ ಕಡಿಮೆ ಇರುತ್ತದೆ. ನವೆಂಬರಿಗೆ ಈ ಬಾಧೆ ಇಲ್ಲ.

ಪಠ್ಯ ಯಾವುದು ಬಳಸುತ್ತಿದ್ದೀರಿ? ಪುಕ್ಕಟೆ ಸಿಗುವುದು ಹೆಚ್ಚಾಗಿ 1893ರಿಂದ ಬಂದ ವೀಟ್ಲಿ ಸಂಪಾದನೆ. ಅದರಲ್ಲಿ ನಾಚಿಕೆಯ ಭಾಗಗಳಿಗೆ ಕತ್ತರಿ ಬಿದ್ದಿದೆ. ಈ ನಮೂದಿನಲ್ಲಿ ಅಂಥದ್ದೇನೂ ಇಲ್ಲದ್ದರಿಂದ ಕೆಲಸ ನಡೆಯುತ್ತದೆ. ಉದ್ಧರಣೆಗೆ ಲೇಥಮ್ ಮತ್ತು ಮ್ಯಾಥ್ಯೂಸ್ ಸಂಪಾದನೆಯ 6ನೇ ಸಂಪುಟ ನೋಡಿ, ಅದು ಇಡಿಯಾಗಿ 1665. ಮೂಲ ಇರುವುದು ಶೆಲ್ಟನ್ ಎಂಬವನು ರೂಪಿಸಿದ ಶೀಘ್ರಲಿಪಿಯಲ್ಲಿ. ಊರು, ಜನರ ಹೆಸರು ಮಾತ್ರ ಹೆಚ್ಚಾಗಿ ಮಾಮೂಲಿ ಅಕ್ಷರದಲ್ಲಿವೆ. ಎರಿತ್ ಅನ್ನು ಅವನು ‘ಎರಿಫ್’ ಅನ್ನುತ್ತಾನೆ, ಬೇರೆ ಊರೆಂದು ಹುಡುಕಬೇಡಿ. (ಈ ಲಿಪಿ ಬಿಡಿಸಲು 1819ರಿಂದ 1822ರವರೆಗೆ ಜಾನ್ ಸ್ಮಿತ್ ಕಣ್ಣು ಸವೆಸಿದ. ಅದರ ಕೈಪಿಡಿ ಕೇಂಬ್ರಿಜ್‌ನ ಅದೇ ಪೀಪ್ಸ್ ಗ್ರಂಥಾಲಯದ ಕಪಾಟಿನಲ್ಲಿ ಕೂತಿತ್ತು.)

ಲೀಟರ್‌ತೂಕ

ಮೊಣಕಾಲಿನ ಪ್ರಶ್ನೆಗೆ ಉತ್ತರ. ಒಂದು ವಿಷಯ ಗಮನಿಸಿ: ಪೀಪ್ಸ್ ಕಾಳುಮೆಣಸನ್ನು ತುಳಿದ ಅಂತಾನೆ, ಹೂತದ್ದು ಲವಂಗ ಜಾಯಿಕಾಯಿಯಲ್ಲಿ. ಎರಡೂ ಬೇರೆ ಬೇರೆ. ಅದಕ್ಕೆ ಹಡಗು ತುಂಬುವ ಕ್ರಮವೇ ಕಾರಣ.

ಆಗ ಕಾಳುಮೆಣಸನ್ನು ಚೀಲಕ್ಕೆ ಹಾಕದೆ ಬಿಡಿಯಾಗಿ ಸುರಿಯುವುದು ಸಾಮಾನ್ಯ. ಗಂಟು, ಪೆಟ್ಟಿಗೆಗಳನ್ನು ಜೋಡಿಸಿದ ಮೇಲೆ ಉಳಿದ ಸಂದಿಗೆಲ್ಲ ಮೆಣಸು. ಉರುಟು ಕಾಳು ತಾನಾಗಿ ಇಳಿದು ಸಂದು ತುಂಬುತ್ತದೆ, ಅಲೆಯ ಹೊಡೆತಕ್ಕೆ ಗಂಟುಗಳು ಅಲುಗಾಡುವುದಿಲ್ಲ, ಜಾಗವೂ ದಂಡವಾಗುವುದಿಲ್ಲ. ‘ಸಂದುಸಂದಿನಲ್ಲೂ’ ಅನ್ನುವುದು ಕವಿತ್ವವೇನಲ್ಲ, ಹಾಗೇ ತುಂಬುತ್ತಿದ್ದರು. ಮೇಲಿನ ಗಂಟು ಎಳೆದು ತೆಗೆದರೆ ಮೆಣಸು ಕುಸಿದು ನೆಲಕ್ಕೆ ಹರಡುತ್ತದೆ. ಲವಂಗ, ಜಾಯಿಕಾಯಿ ಬೆಲೆ ಹೆಚ್ಚಿನವು, ಅವಕ್ಕೆ ಹಲಗೆ ಹೊಡೆದ ಪ್ರತ್ಯೇಕ ಕೋಣೆ. ‘ಕೋಣೆಗೆ ಕೋಣೆ’ ಅಂತ ಅವನು ಬರೆದದ್ದು ಅದನ್ನೇ.

ಬಿಡಿ ಮೆಣಸಿನ ಅಪಾಯವೂ ಗೊತ್ತಿರಲಿ. ಹಡಗಿಗೆ ನೀರು ನುಗ್ಗಿದರೆ ಕಾಳು ತೇಲಿ ಹೋಗಿ ನೀರೆತ್ತುವ ಪಂಪಿನ ಬಾಯಿಗೆ ಕೂರುತ್ತದೆ, ನೆನೆದು ಉಬ್ಬಿ ಕಟ್ಟಿಕೊಳ್ಳುತ್ತದೆ. ಪೋರ್ಚುಗೀಸ್ ಹಡಗುಗಳ ಮುಳುಗಡೆಯ ವೃತ್ತಾಂತಗಳಲ್ಲಿ ಈ ಗೋಳು ಮತ್ತೆ ಮತ್ತೆ ಬರುತ್ತದೆ. ಲಿಸ್ಬನ್ ಹೊರಗೆ 1606ರಲ್ಲಿ ಒಡೆದ ಒಂದು ಹಡಗಿನ ಅವಶೇಷದಲ್ಲಿ ಪದರಗಟ್ಟಲೆ ಕಾಳುಮೆಣಸು ಸಿಕ್ಕಿ, ಅದಕ್ಕೆ ಮೆಣಸಿನ ಹಡಗು ಅಂತಲೇ ಅಡ್ಡಹೆಸರಾಗಿದೆ.

ಈಗ ಲೆಕ್ಕ. ಹತ್ತು ಅಡಿ ಚೌಕದ ಕೋಣೆ, ಎರಡು ಅಡಿ ಎತ್ತರ ತುಂಬಿದೆ ಅಂದುಕೊಳ್ಳಿ. 200 ಘನ ಅಡಿ, ಸುಮಾರು 5,660 ಲೀಟರ್. ಒಳ್ಳೆ ಕಾಳುಮೆಣಸಿನ ಲೀಟರ್ ತೂಕ 550 ಗ್ರಾಂ, ಅಂದರೆ ಅದು ಮೆಣಸಾಗಿದ್ದರೆ 3.1 ಟನ್. ಲವಂಗ ಅದಕ್ಕಿಂತ ಹಗುರ, ತೊಟ್ಟುತೊಟ್ಟು ಸಿಕ್ಕಿಕೊಂಡು ನಡುವೆ ಗಾಳಿ ಉಳಿಯುತ್ತದೆ. ಬಿಗಿ ಹಿಡಿದು ಎರಡು ಟನ್ ಅನ್ನೋಣ. ಇಷ್ಟು ದೊಡ್ಡ ಹಡಗಿಗೆ ಎರಡು ಟನ್ ಏನೂ ಅಲ್ಲ. ಹಾಗಾಗಿ ಮೊಣಕಾಲು ಮಟ್ಟ ಉತ್ಪ್ರೇಕ್ಷೆ ಅನ್ನಲು ಕಾರಣವಿಲ್ಲ. ನಡೆಯುವುದು ಮಾತ್ರ ಕಷ್ಟ, ಮೆಣಸಿನಂತೆ ಲವಂಗ ಜಾರಿ ದಾರಿ ಬಿಡುವುದಿಲ್ಲ. ಬೂಟಿಗೆ ಚುಚ್ಚುತ್ತಾ ಕಾಲೆಳೆದಿರಬೇಕು.

ಜಾಯಿಕಾಯಿಗೆ ಒಂದು ಗುರುತು ಸೇರಿಸಬಹುದು. ಡಚ್ಚರು ಅದನ್ನು ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿ ಕಳಿಸುತ್ತಿದ್ದರು. ಹುಳ ಹಿಡಿಯಬಾರದು, ಬಿತ್ತಿದರೆ ಮೊಳಕೆ ಒಡೆಯಲೂ ಬಾರದು ಅಂತ.

ಬಂದರುದಾರಿ

ಕಾಳುಮೆಣಸು ನಮ್ಮದೇ ಅನ್ನುವ ಆಸೆ ಅರ್ಥವಾಗುತ್ತೆ, ಆದರೆ ಬರೆಯಬೇಡಿ. ಲವಂಗ ಅಂಬೊನ್ ದ್ವೀಪದ ಕಡೆಯದು, ಜಾಯಿಕಾಯಿ ಬಂಡಾ ದ್ವೀಪಗಳದ್ದು. ಇವೆರಡನ್ನು ಖಚಿತವಾಗಿ ಹೇಳಬಹುದು, ಯಾಕೆಂದರೆ ಆಗ ಬೇರೆ ಕಡೆ ಬೆಳೆಯಲು ಡಚ್ಚರು ಬಿಟ್ಟಿರಲಿಲ್ಲ. ಮೆಣಸು ಹಾಗಲ್ಲ. ಬಟೇವಿಯಾಕ್ಕೆ ಮೆಣಸು ಬರುತ್ತಿದ್ದುದು ಮುಖ್ಯವಾಗಿ ಸುಮಾತ್ರಾದ ಜಾಂಬಿ, ಪಾಲೆಂಬಾಂಗ್, ಜಾವಾದ ಬಾಂಟಮ್ ಕಡೆಯಿಂದ. ಕೊಚ್ಚಿ ಡಚ್ಚರ ಕೈಸೇರಿದ್ದು 1663ರ ಜನವರಿಯಲ್ಲಿ, ಅಲ್ಲಿಂದ ಸ್ವಲ್ಪ ಸೇರಿರಲೂಬಹುದು. ಹಡಗಿನ ನೆಲದ ಮೇಲೆ ಬಿದ್ದ ಕಾಳಿಗೆ ಊರಿನ ಚೀಟಿ ಇರುವುದಿಲ್ಲ. ‘ಪೂರ್ವದ ಮೆಣಸು’ ಅಂದರೆ ತಪ್ಪಾಗುವುದಿಲ್ಲ.

ನಿಜವಾದ ನಂಟು ಬೇಕಿದ್ದರೆ ಅದೇ ವರ್ಷದಲ್ಲೇ ಇದೆ. ಕಾರವಾರದಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, 1638ರಿಂದ ಇತ್ತು, ಸೋದೆ ಸೀಮೆಯ ಮೆಣಸಿಗಾಗಿಯೇ. ಶಿವಾಜಿ ಸಮುದ್ರದ ಮೇಲೆ ಬಂದು ಬಸ್ರೂರನ್ನು ಸೂರೆ ಮಾಡಿದ್ದು 1665ರ ಫೆಬ್ರವರಿಯಲ್ಲಿ. ಹಿಂದಿರುಗುವಾಗ ಗೋಕರ್ಣ ಮುಗಿಸಿ ಕಾರವಾರಕ್ಕೆ ಬಂದಾಗ ಊರಿನ ವರ್ತಕರೆಲ್ಲ ಹಣ ಕೂಡಿಸಿ ಕೊಡಬೇಕಾಯಿತು, ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡ್. ಹಳೇಕಡತ ಅವರು ಹೇಳಿದ ವರ್ಷದ ತೊಡಕು ಇಲ್ಲಿ ಕಚ್ಚುತ್ತದೆ: ಅದು ಮಾರ್ಚ್ 25ಕ್ಕೆ ಮೊದಲು, ಹಾಗಾಗಿ ಕೋಠಿಯ ಕಾಗದಗಳಲ್ಲಿ 1664 ಅಂತ ಇರುತ್ತದೆ. ಇದನ್ನು ಗಮನಿಸದೆ ಸೂರತ್ತಿನ 1664ರ ಜನವರಿಯ ದಾಳಿ ಮತ್ತು ಬಸ್ರೂರಿನ ದಾಳಿಗಳನ್ನು ಒಂದೇ ವರ್ಷಕ್ಕೆ ತುರುಕಿದ ಬರಹಗಳು ಕಣ್ಣಿಗೆ ಬೀಳುತ್ತವೆ.

ನಮ್ಮ ಮೆಣಸಿನ ಬಗ್ಗೆಯೇ ಇಂಗ್ಲಿಷನೊಬ್ಬನ ಬರಹ ಬೇಕು ಅಂತಿದ್ದರೆ ಪೀಪ್ಸ್ ಬಿಟ್ಟು ಪೀಟರ್ ಮಂಡಿ ಓದಿ. 1637ರಲ್ಲಿ ಇಂಗ್ಲಿಷ್ ಕಪ್ತಾನ ವೆಡೆಲ್‌ನ ಹಡಗುಗಳ ಜೊತೆ ಭಟ್ಕಳಕ್ಕೆ ಬಂದು, ಘಟ್ಟ ಹತ್ತಿ ವೀರಭದ್ರ ನಾಯಕನ ಇಕ್ಕೇರಿಗೆ ಹೋದವನು. ಅವರು ಬಂದಿದ್ದೇ ಮೆಣಸಿನ ಕೋಠಿ ಹಾಕಲು. ಭಟ್ಕಳದಲ್ಲಿ ಆ ವರ್ಷಗಳ ಇಂಗ್ಲಿಷ್ ಗೋರಿಕಲ್ಲುಗಳಿವೆ.

ಟಿಪ್ಪಣಿಪುಸ್ತಕ

ಎಲ್ಲರಿಗೂ ಧನ್ಯವಾದ. ‘ಇಂಡಿಯಾ ಹಡಗು’ ವಿಷಯ ತಿಳಿಯದೇ ಹೋಗಿದ್ದರೆ ಟಿಪ್ಪಣಿ ಪೂರ್ತಿ ಕೆನರಾ ಮೆಣಸಿನ ಮೇಲೆ ನಿಲ್ಲುತ್ತಿತ್ತು. ಹಾಗಾದರೆ ಈ ನಮೂದಿನಲ್ಲಿ ಚಿಂತಿಸಲು ಏನುಳಿಯಿತು? ವಿವರಣೆ ಚೆನ್ನಾಗಿದೆ, ಸರಿ. ‘ಜೀವಮಾನದಲ್ಲಿ ಕಂಡ ಭವ್ಯ ನೋಟಗಳಲ್ಲೊಂದು’ ಅಂತ ಕೊನೆಗೆ ಅವನೇ ಹೇಳುತ್ತಾನೆ. ಅದಕ್ಕೆ ಮೇಲೆ ನಾಲ್ಕು ಪುಟ ಹೇಗೆ?

ಹಳೇಕಡತ

ಆ ಒಂದು ದಿನವನ್ನು ಮಾತ್ರ ಓದಿದರೆ ನಾಲ್ಕು ಪುಟ ಆಗುವುದಿಲ್ಲ. ದಿನಚರಿಯ ಗುಣವೇ ಅದು: ಬರೆದವನು ಇವತ್ತು ಯಾಕೆ ಹಿಗ್ಗಿದ ಅನ್ನುವುದು ಎರಡು ತಿಂಗಳ ಹಿಂದಿನ ಹಾಳೆಯಲ್ಲಿ ಇರುತ್ತದೆ. ಇನ್ನೆರಡು ನಮೂದು ಪಕ್ಕಕ್ಕಿಡಿ.

ಒಂದು, ಸೆಪ್ಟೆಂಬರ್ 24, ಭಾನುವಾರ. ಪೀಪ್ಸ್ ಮತ್ತು ಜೊತೆಗಿದ್ದವರು ಗ್ರೇವ್ಸೆಂಡಿನಲ್ಲಿ ಬೆಳಗಿನ ತಿಂಡಿ ಮುಗಿಸಿದ್ದಾರೆ. ದೋಣಿಯವನೊಬ್ಬ ಲವಂಗದ ವ್ಯಾಪಾರವೊಂದಿದೆ ಅನ್ನುತ್ತಾನೆ. ಊರ ಕೊನೆಯ ಮೂಲೆಯ ಸಾರಾಯಿ ಅಂಗಡಿಯಲ್ಲಿ ಇಬ್ಬರು ಕೊಳಕು ಬಟ್ಟೆಯ ನಾವಿಕರು. ಅವರ ಹತ್ತಿರ 37 ಪೌಂಡ್ ತೂಕದ ಲವಂಗ, 10 ಪೌಂಡ್ ಜಾಯಿಕಾಯಿ. ಲವಂಗಕ್ಕೆ ಪೌಂಡಿಗೆ 5 ಶಿಲಿಂಗ್ 6 ಪೆನ್ಸ್, ಜಾಯಿಕಾಯಿಗೆ 4 ಶಿಲಿಂಗ್. ಚಿನ್ನದ ನಾಣ್ಯದಲ್ಲಿ ಕೊಟ್ಟರು. ಈ ನಾವಿಕರು ಎಷ್ಟು ಪೆದ್ದರು ನೋಡಿ ಅಂತ ಪೀಪ್ಸ್‌ಗೆ ಅಚ್ಚರಿ: 20 ಪೌಂಡ್ ಅಂತ ಕೊಡಲು ಬಂದ ಚೀಲ ತೂಗಿದರೆ 25 ಬಂತು. ಈ ಬಡಪಾಯಿಗಳಿಗೆ ಮೋಸ ಮಾಡಲು ನನ್ನ ಮನಸ್ಸಾಕ್ಷಿ ಒಪ್ಪದು ಅಂತಲೂ ಅಲ್ಲೇ ಬರೆದುಕೊಂಡಿದ್ದಾನೆ.

ಎರಡು, ಅಕ್ಟೋಬರ್ 7. ಕಚೇರಿಯಲ್ಲಿ ಕೆಲಸ ಸಾಗಲಿಲ್ಲ, ಸಂಬಳವಿಲ್ಲದೆ ಬೀದಿಯಲ್ಲಿ ಉಪವಾಸ ಬಿದ್ದ ನಾವಿಕರ ಗುಂಪು, ಅವರ ಗೋಳು. ನೌಕಾ ಕಚೇರಿ ಪ್ಲೇಗಿನಿಂದಾಗಿ ಗ್ರೀನಿಚ್‌ಗೆ ಬಂದಿತ್ತು, ಸಂಬಳ ಕೊಡಬೇಕಾದ ಕಚೇರಿ ಅದೇ, ಪೀಪ್ಸ್ ಅದರ ಕಾರ್ಯದರ್ಶಿ. ಖಜಾನೆಯಲ್ಲಿ ಹಣವಿಲ್ಲದೆ ನಾವಿಕರಿಗೆ ಆಮೇಲೆ ಸಂಬಳ ಕೊಡುತ್ತೇವೆ ಅಂತ ಚೀಟಿ ಬರೆದು ಕೊಡುತ್ತಿದ್ದರು.

ಈಗ ಲೆಕ್ಕ ಹಾಕಿ. 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. 5 ಶಿಲಿಂಗ್ 6 ಪೆನ್ಸ್ ಅನ್ನು ವಿದ್ಯಾರ್ಥಿಗಳು 5.6 ಅಂತ ಹಾಕುತ್ತಾರೆ, ಅದು 5.5. ಲವಂಗ 203.5 ಶಿಲಿಂಗ್, ಜಾಯಿಕಾಯಿ 40, ಒಟ್ಟು 243.5. ಅಂದರೆ 12 ಪೌಂಡ್ 3 ಶಿಲಿಂಗ್ 6 ಪೆನ್ಸ್. ನುರಿತ ನಾವಿಕನ ತಿಂಗಳ ಸಂಬಳ ಆಗ 24 ಶಿಲಿಂಗ್. ಎರಡು ಚಿಲ್ಲರೆ ಚೀಲಕ್ಕೆ ಹತ್ತು ತಿಂಗಳ ಸಂಬಳ, ಅದೂ ಕೈಗೆ ಬಾರದ ಸಂಬಳ. ತೂಕದಲ್ಲಿ ಹೆಚ್ಚು ಬಂದ ಐದು ಪೌಂಡ್ ಲವಂಗವೊಂದೇ 27 ಶಿಲಿಂಗ್ 6 ಪೆನ್ಸ್, ತಿಂಗಳ ಸಂಬಳಕ್ಕಿಂತ ಜಾಸ್ತಿ.

ಲೀಟರ್‌ತೂಕ ಅವರ ಎರಡು ಟನ್ ಕೋಣೆಯನ್ನೂ ಇದೇ ಅಗ್ಗದ ದರಕ್ಕೆ ತೂಗಿ: ಸುಮಾರು 4,400 ಪೌಂಡ್ ತೂಕ, 1,200 ಪೌಂಡ್ ಹಣ. ಪೀಪ್ಸ್‌ನ ವರ್ಷದ ಸಂಬಳ 350. ಅವನು ಮೊಣಕಾಲಿನವರೆಗೆ ಹೂತು ನಡೆದದ್ದು ತನ್ನ ಮೂರೂವರೆ ವರ್ಷದ ಸಂಬಳದಲ್ಲಿ.

ಇನ್ನು ‘ಅಸ್ತವ್ಯಸ್ತ’ ಯಾಕೆ ಮುಖ್ಯ ಅಂದರೆ, ಯುದ್ಧದಲ್ಲಿ ಹಿಡಿದ ಹಡಗಿನ ಸರಕನ್ನು ನ್ಯಾಯಾಲಯ ತೀರ್ಪು ಕೊಡುವವರೆಗೆ ಮುಟ್ಟುವಂತಿಲ್ಲ. ಸ್ಯಾಂಡ್‌ವಿಚ್ ರಾಜನ ಅಪ್ಪಣೆಗೆ ಮೊದಲೇ ಸರಕು ಇಳಿಸಿ ತನ್ನ ಅಧಿಕಾರಿಗಳಿಗೆ ಹಂಚಿದ. ಆ ಹಂಚಿದ ಮಾಲಿನಲ್ಲಿ ಪೀಪ್ಸ್ ಕ್ಯಾಪ್ಟನ್ ಕಾಕ್ ಎಂಬ ವ್ಯಾಪಾರಿಯ ಜೊತೆ ಪಾಲು ಹಾಕಿದ. ಗುಲ್ಲೆದ್ದು, ಸ್ಯಾಂಡ್‌ವಿಚ್‌ನನ್ನು 1666ರಲ್ಲಿ ಸ್ಪೇನಿಗೆ ರಾಯಭಾರಿಯಾಗಿ ದಾಟಿಸಿದರು. ನವೆಂಬರ್ 16ರ ನೋಟ ಕದ್ದ ಮನೆಯನ್ನು ಪಾಲುದಾರನೇ ಬಂದು ನೋಡಿದ ನೋಟ. ಆದರೂ ಬರಹದಲ್ಲಿ ಅಳುಕಿಲ್ಲ, ಬೆರಗು ಮಾತ್ರ ಇದೆ. ನಿಮ್ಮ ನಾಲ್ಕು ಪುಟ ಇಲ್ಲಿದೆ ಅಂತ ನನಗನ್ನಿಸುತ್ತದೆ.

ಅದೇ ನಮೂದಿನ ಮೊದಲರ್ಧವನ್ನೂ ಬಿಡಬೇಡಿ. ಹಡಗಿಗೆ ಹೋಗುವ ಮುನ್ನ ಕೇಳಿದ ಸುದ್ದಿ: ಡಚ್ ಉಪನೌಕಾಧಿಪತಿಯ ಕೊರಳಿನಿಂದ ಕಿತ್ತ ರತ್ನದ ಎಂಟು ಚೀಲಗಳನ್ನು ಸ್ಯಾಂಡ್‌ವಿಚ್‌ನ ಕಡೆಯವನೊಬ್ಬ ಕೊಂಡಿದ್ದಾನೆ, ಅದರ ಎಂಟು ವಜ್ರಕ್ಕೆ ‘ಇಂಡಿಯಾ’ದಲ್ಲಿ 4,000 ಪೌಂಡ್ ಬಿದ್ದಿತ್ತು, ಬರೀ ಕೆಂಪಿನ ಒಂದು ಚೀಲ 35 ಶಿಲಿಂಗಿಗೆ ಹೋಗಿದೆ. ಮಾರಿದವರಿಗೆ ಬೆಲೆ ಗೊತ್ತಿರಲಿಲ್ಲ, ಸಾರಾಯಿ ಅಂಗಡಿಯ ಲವಂಗದವರ ಹಾಗೆಯೇ. ಅದನ್ನು ಸ್ಯಾಂಡ್‌ವಿಚ್‌ಗೆ ತಿಳಿಸಬೇಕು ಅಂತ ಪೀಪ್ಸ್ ತೀರ್ಮಾನಿಸುತ್ತಾನೆ.

ಲೀಟರ್‌ತೂಕ

25 ಪೌಂಡ್ ಚೀಲದ ಬಗ್ಗೆ ಒಂದು ಸಣ್ಣ ಮಾತು. ಲವಂಗ ತೇವ ಹೀರಿ ತೂಕ ಕಟ್ಟುವ ಸರಕು, ಹಾಗಾಗಿ ‘ತೇವದ ತೂಕ’ ಅಂತ ಯಾರಾದರೂ ವಿವರಣೆ ಕೊಡಬಹುದು. ಐದರಲ್ಲೊಂದು ಪಾಲು ನೀರು ಸೇರಿದರೆ ಲವಂಗ ಬೂಸ್ಟು ಹಿಡಿದು ಯಾರೂ ಕೊಳ್ಳುತ್ತಿರಲಿಲ್ಲ. ತಕ್ಕಡಿ ಇಲ್ಲದೆ ಕೈಯಂದಾಜಿನಲ್ಲಿ ಹೇಳಿದ್ದರು ಅನ್ನುವುದೇ ಸರಿ.

ಟಿಪ್ಪಣಿಪುಸ್ತಕ

ತಿದ್ದಿದ ಅನುವಾದ:

“ಅವರು ನನ್ನನ್ನು ಆ ಇಂಡಿಯಾ ಹಡಗಿನ ಒಡಲಿಗೆ ಇಳಿಸಿ, ಮನುಷ್ಯ ಲೋಕದಲ್ಲಿ ಕಾಣಬಹುದಾದ ಅತಿ ದೊಡ್ಡ ಸಂಪತ್ತು ಚೆಲ್ಲಾಪಿಲ್ಲಿ ಬಿದ್ದಿರುವುದನ್ನು ತೋರಿಸಿದರು. ಸಂದುಸಂದಿನಲ್ಲೂ ಚೆಲ್ಲಿದ ಕಾಳುಮೆಣಸು, ಕಾಲಿಟ್ಟಲ್ಲೆಲ್ಲ ಅದೇ. ಲವಂಗ ಜಾಯಿಕಾಯಿಗಳಲ್ಲಿ ಮೊಣಕಾಲು ಮುಳುಗುವಷ್ಟು ಹೂತು ನಡೆದೆ. ಕೋಣೆಗೆ ಕೋಣೆಯೇ ತುಂಬಿತ್ತು. ರೇಷ್ಮೆಯ ಗಂಟುಗಳು, ತಾಮ್ರದ ತಗಡಿನ ಪೆಟ್ಟಿಗೆಗಳು; ಅದರಲ್ಲೊಂದನ್ನು ತೆರೆದದ್ದು ನೋಡಿದೆ.”

‘ಇಂಡಿಯಾ ಹಡಗು’ ಹಾಗೇ ಇಟ್ಟು ಅಡಿಟಿಪ್ಪಣಿ ಕೊಟ್ಟಿದ್ದೇನೆ. ಸೆಪ್ಟೆಂಬರ್ 24 ಎಡಗಡೆ, ನವೆಂಬರ್ 16 ಬಲಗಡೆ, ನಡುವೆ ಅಕ್ಟೋಬರ್ 7.

ಹಳೇಕಡತ

ಚೆನ್ನಾಗಿದೆ. ಈ ನಮೂದುಗಳಲ್ಲಿ ‘ಪೌಂಡ್’ ಬರುತ್ತೆ, ಒಂದು ಕಡೆ ತೂಕ, ಒಂದು ಕಡೆ ಹಣ. ಪ್ರತಿ ಸಲವೂ ಯಾವುದು ಅಂತ ಬರೆಯಿರಿ, ಇಲ್ಲದಿದ್ದರೆ 37 ಪೌಂಡ್ ಲವಂಗ ಅಂದರೆ 37 ಪೌಂಡ್ ಬೆಲೆಯದ್ದು ಅಂತ ಓದಿಕೊಳ್ಳುತ್ತಾರೆ.